ಹೋಟೆಲಿನ ಟಾಯ್ಲೆಟ್ ಎಲ್ಲರಿಗೂ ತೆರೆದಿರಬೇಕಾ?

ಬೆಂಗಳೂರಿನ ದರ್ಶಿನಿ, ಹೋಟೆಲ್, ರೆಸ್ಟೋರೆಂಟುಗಳ ಟಾಯ್ಲೆಟ್ಟನ್ನು ಅಲ್ಲಿ ಏನೂ ತಿನ್ನದವರಿಗೂ ಬಿಡಬೇಕು ಅಂತ ಕಾನೂನು ಮಾಡಬೇಕಾ? ಪರವಾಗಿ ಬರೆದವರು ಸರ್ಕಾರಿ ಶಾಲೆಯ ಟೀಚರ್. ವಿರೋಧವಾಗಿ ಬರೆದವರು ಹೋಟೆಲ್ ನಡೆಸುವವರು. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಮೊದಲೇ ತೋರಿಸಿಲ್ಲ.

ಪರ: ಕುಡಿಯುವ ನೀರಿಗಿಲ್ಲದ ಬಿಲ್ಲು ಇದಕ್ಕೆ ಯಾಕೆ?

ಬೆಂಗಳೂರಿನ ಯಾವ ದರ್ಶಿನಿಗೆ ಬೇಕಾದರೂ ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ. ಯಾರೂ ಏನೂ ಕೇಳುವುದಿಲ್ಲ. ಕೈ ತೊಳೆಯುವ ಜಾಗದ ಪಕ್ಕದಲ್ಲೇ ನೀರಿನ ಡ್ರಮ್ಮು ಇರುತ್ತದೆ, ಅದರ ಮೇಲೆ ಸ್ಟೀಲ್ ಲೋಟ. ಆಟೋದವರು ಬಾಟಲಿ ತುಂಬಿಸಿಕೊಳ್ಳುತ್ತಾರೆ, ಸ್ಕೂಲ್ ಮಕ್ಕಳು ಕುಡಿದು ಓಡುತ್ತಾರೆ. ನೀರು ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಹೋಟೆಲಿನವರಿಗೆ ಯಾರೂ ಕಾನೂನು ಓದಿ ಹೇಳಬೇಕಾಗಿಲ್ಲ. ಆದರೆ ಅದೇ ನೀರು ಎರಡು ಗಂಟೆ ಬಿಟ್ಟು ಹೊರಗೆ ಹೋಗಬೇಕು ಅಂದಾಗ ಮಾತ್ರ, "ಟೋಕನ್ ತಗೊಂಡಿದ್ದೀರಾ ಮೇಡಂ?" ಒಳಗೆ ಹೋಗುವ ನೀರಿಗೆ ಬಿಲ್ಲಿಲ್ಲ, ಹೊರಗೆ ಹೋಗುವ ನೀರಿಗೆ ಬಿಲ್ಲು. ನಾನು ಹೇಳಬೇಕಾದ್ದು ಇಷ್ಟೇ, ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಇದೇನು ಮಹಾ ಅನ್ನುತ್ತೀರಿ. ಅದಕ್ಕೆ ಸಮೀಕ್ಷೆಯ ಕತೆ ಹೇಳುತ್ತೇನೆ.

2025ರ ಸೆಪ್ಟೆಂಬರ್ 22ಕ್ಕೆ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ಎಲ್ಲರೂ ಜಾತಿ ಸಮೀಕ್ಷೆ ಅನ್ನುವುದು, ಅದು ಬೆಂಗಳೂರಿಗೆ ಬಂದಿದ್ದು ಅಕ್ಟೋಬರಿನಲ್ಲಿ. ಮನೆ ಮನೆ ಸುತ್ತಿದವರಲ್ಲಿ ಹೆಚ್ಚಿನವರು ನಮ್ಮಂಥ ಟೀಚರುಗಳೇ. ದಸರಾ ರಜೆ ಹೋಯಿತು, ಅದು ಬೇರೆ ವಿಷಯ. ಕೈಯಲ್ಲಿ ಮೊಬೈಲ್, ಮೊಬೈಲಲ್ಲಿ ಆ್ಯಪ್, ಆ್ಯಪಲ್ಲಿ 60 ಪ್ರಶ್ನೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆ ಆರು. ಮೊದಲ ದಿನ ಬುದ್ಧಿ ಇಲ್ಲದೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದುಕೊಂಡು ಹೋಗಿದ್ದೆ.

ಮನೆಗಳಲ್ಲಿ ಕೇಳಬಹುದಿತ್ತಲ್ಲ ಅನ್ನುತ್ತೀರಾ? ನೀವೇ ಯೋಚನೆ ಮಾಡಿ. ಗೊತ್ತಿಲ್ಲದ ಹೆಂಗಸು ಬಂದು ಬೆಲ್ ಒತ್ತುತ್ತಾಳೆ. ನಿಮ್ಮ ಜಾತಿ ಯಾವುದು, ವರಮಾನ ಎಷ್ಟು, ಸಾಲ ಇದೆಯಾ ಅಂತ ಗ್ರಿಲ್ಲಿನ ಆಚೆ ನಿಂತು ಅರ್ಧ ಗಂಟೆ ಕೇಳುತ್ತಾಳೆ. ಒಟಿಪಿ ಹೇಳಿ ಅಂದಾಗ ನೀವು ಮುಖ ಸಿಂಡರಿಸಿ ಒಳಗಿದ್ದ ಮಗನನ್ನು ಕರೆಯುತ್ತೀರಿ. ಇಷ್ಟೆಲ್ಲ ಆದಮೇಲೆ ಅವಳು "ಸ್ವಲ್ಪ ಬಾತ್‌ರೂಮಿಗೆ ಹೋಗಬಹುದಾ?" ಅಂದರೆ ಏನನ್ನಿಸುತ್ತದೆ? ನಾನು ಮೂರು ಮನೆಯಲ್ಲಿ ಕೇಳಿದೆ. ಒಬ್ಬರು ಬಿಟ್ಟರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಒಬ್ಬರು ನೀರು ಬರ್ತಿಲ್ಲ ಅಂದರು. ಇನ್ನೊಬ್ಬರು ಏನೂ ಹೇಳದೆ ಬಾಗಿಲು ಹಾಕಿಕೊಂಡರು. ನಾಲ್ಕನೇ ಕಡೆ ಕೇಳಲು ಬಾಯೇ ಬರಲಿಲ್ಲ.

ಆಮೇಲೆ ಹೋಟೆಲು. "ಗ್ರಾಹಕರಿಗೆ ಮಾತ್ರ" ಅಂತ ಬೋರ್ಡು. ಸರಿ, ಗ್ರಾಹಕಳೇ ಆಗೋಣ ಅಂತ ಕಾಫಿ ಟೋಕನ್ ತಗೊಂಡೆ. ತಗೊಂಡ ಕಾಫಿ ಚೆಲ್ಲಕ್ಕೆ ಮನಸ್ಸಾಗುತ್ತಾ? ಕುಡಿದೆ. ಕಾಫಿ ಕುಡಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದೂವರೆ ಗಂಟೆಗೆ ಇನ್ನೊಂದು ಹೋಟೆಲು, ಇನ್ನೊಂದು ಟೋಕನ್. ಸಂಜೆಯೊಳಗೆ ನಾಲ್ಕು ಕಾಫಿ ಆಗಿತ್ತು, ಒಂದೂ ಬೇಕಾಗಿ ಕುಡಿದದ್ದಲ್ಲ. ಎರಡನೇ ದಿನದಿಂದ ನೀರೇ ಕುಡಿಯಲಿಲ್ಲ. ಐದನೇ ದಿನಕ್ಕೆ ಉರಿಮೂತ್ರ, ಚಳಿ ಜ್ವರ. ಡಾಕ್ಟರು ಚೀಟಿ ಬರೆದು ಕೊಟ್ಟು ಏನು ಹೇಳಿದರು ಗೊತ್ತಾ? "ನೀರು ಜಾಸ್ತಿ ಕುಡೀರಿ ಟೀಚರ್."

ಇದು ಹದಿನೈದು ದಿನದ ನನ್ನ ಕಷ್ಟ. ವರ್ಷವಿಡೀ ಹೀಗೇ ಬದುಕುವವರು ಎಷ್ಟು ಜನ ಅಂತ ನನಗೆ ಗೊತ್ತಾಗಿದ್ದು ಆಗಲೇ. ನನ್ನ ಬ್ಲಾಕಿನ ಮೂಲೆಯಲ್ಲಿ ಹೂವು ಮಾರುವ ಅಮ್ಮ ಒಬ್ಬರಿದ್ದರು. ನಾನು ಅತ್ತಿಂದಿತ್ತ ಅಲೆಯೋದು ನೋಡಿ ಅವರೇ ಕರೆದರು. "ಯಾಕ್ ಮಿಸ್ಸು, ಜಾಗ ಹುಡುಕ್ತಿದ್ದೀರಾ?" ಆಮೇಲೆ ಒಂದು ದೊಡ್ಡ ಗುಟ್ಟು ಹೇಳುವವರ ಹಾಗೆ ಹೇಳಿದರು. ಆ ಕಡೆ ಒಂದು ನರ್ಸಿಂಗ್ ಹೋಮ್ ಇದೆ, ಯಾರನ್ನೋ ನೋಡಲು ಬಂದವರ ಥರ ಸೀದಾ ಒಳಗೆ ಹೋಗಿ ಎಡಕ್ಕೆ ತಿರುಗಬೇಕು, ರಿಸೆಪ್ಷನ್ ಹುಡುಗಿ ಮುಖ ನೋಡಬಾರದು. ಬ್ಯಾಂಕಿನಲ್ಲಿ ಮೊದಲು ಬಿಡುತ್ತಿದ್ದರು, ಈಗ ವಾಚ್‌ಮನ್ ಬದಲಾಗಿದ್ದಾನೆ, ಬಿಡುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಮದುವೆ ಇದ್ದ ದಿನ ಹಬ್ಬ. ನೀವೇನು ಮಾಡುತ್ತೀರಿ ಅಂತ ಕೇಳಿದೆ. ಬೆಳಿಗ್ಗೆ ನಾಲ್ಕೂವರೆಗೆ ಮನೆಯಲ್ಲಿ ಮುಗಿಸಿ ಮಾರ್ಕೆಟ್ಟಿಗೆ ಹೋಗುತ್ತಾರಂತೆ, ಮತ್ತೆ ಮನೆ ಸೇರುವುದು ಮಧ್ಯಾಹ್ನ ಎರಡಕ್ಕೆ. ನಡುವೆ? "ನಡುವೆ ಏನೂ ಇಲ್ಲ ಮಿಸ್ಸು, ಅಭ್ಯಾಸ ಆಗೋಗಿದೆ." ಅವರು ಕೂರುವ ಜಾಗದಿಂದ ಇಪ್ಪತ್ತು ಹೆಜ್ಜೆಗೆ ಒಂದು ದರ್ಶಿನಿ ಇದೆ. ಅದರ ಗಲ್ಲಾ ಮೇಲಿರುವ ದೇವರ ಫೋಟೋಗೆ ದಿನಾ ಮೊಳ ಹೂವು ಕೊಡುವುದು ಇದೇ ಅಮ್ಮ.

ಇನ್ನು ಮನೆಕೆಲಸದವರ ಮಾತು. ಅವರು ದಿನಾ ಐದಾರು ಮನೆಯ ಬಾತ್‌ರೂಮ್ ಉಜ್ಜುತ್ತಾರೆ. ಅದೇ ಬಾತ್‌ರೂಮನ್ನು ಉಪಯೋಗಿಸಲು ಎಷ್ಟೋ ಮನೆಗಳಲ್ಲಿ ಬಿಡುವುದಿಲ್ಲ. ಬರೆಯಲೂ ನಾಚಿಕೆ ಆಗುತ್ತದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಬಸ್ಸು ಉಚಿತ. ಒಳ್ಳೆಯದೇ ಆಯಿತು, ಅದನ್ನು ಆಡಿಕೊಂಡು ನಗುವ ಗಂಡಸರ ಜೊತೆ ನಾನು ಜಗಳ ಆಡಿದ್ದೇನೆ. ಆದರೆ ಒಂದು ಬಸ್‌ಸ್ಟ್ಯಾಂಡಿನಲ್ಲಿ, ಹೆಸರು ಬೇಡ, ಗೋಡೆ ಮೇಲೆ ಮೂತ್ರಕ್ಕೆ ದುಡ್ಡಿಲ್ಲ ಅಂತ ಬರೆದಿದೆ, ಕೆಳಗೆ ಮೇಜು ಹಾಕಿಕೊಂಡು ಕೂತವನು ಹೆಂಗಸರ ಹತ್ತಿರ ಮಾತ್ರ ಹತ್ತು ರೂಪಾಯಿ ಇಸ್ಕೊಳ್ಳುತ್ತಾನೆ. ಬೋರ್ಡು ತೋರಿಸಿದೆ. "ಅದು ಗಂಡಸರಿಗೆ" ಅಂದ. ಅಲ್ಲಿಗೆ ಬಂದ ಬಸ್ಸಿಗೆ ಸೊನ್ನೆ ರೂಪಾಯಿ ಟಿಕೆಟು, ಇಳಿದ ಮೇಲೆ ಇದಕ್ಕೆ ಹತ್ತು ರೂಪಾಯಿ. ಮುಂಬೈಯಲ್ಲಿ 2011ರ ಹೊತ್ತಿಗೇ ಹೆಂಗಸರು ಸೇರಿ ಇದೇ ವಿಷಯಕ್ಕೆ ಚಳವಳಿ ಶುರು ಮಾಡಿದ್ದರು. ಗಂಡಸರಿಗೆ ಪುಕ್ಕಟೆ, ನಮಗೆ ಯಾಕೆ ದುಡ್ಡು ಅಂತ.

ಗಂಡಸರಿಗೆ ಬಿಡಿ, ಊರೆಲ್ಲ ಗೋಡೆಯೇ. ಕಾಂಪೌಂಡಿಗೆ ದೇವರ ಟೈಲ್ಸ್ ಅಂಟಿಸಿ ನೋಡಿದರು. 2020ರಲ್ಲಿ ಪಾಲಿಕೆಯವರು ಕೆಲವು ಕಡೆ ಗೋಡೆಗೆ ಆಳೆತ್ತರದ ಕನ್ನಡಿಯನ್ನೂ ಹಾಕಿದರು, ತಮ್ಮನ್ನು ತಾವೇ ನೋಡಿ ನಾಚಿಕೊಳ್ಳಲಿ ಅಂತ. ನಮ್ಮ ಗಂಡಸರು ನಾಚಿಕೊಳ್ಳುವುದು ಅಷ್ಟು ಸುಲಭವಾಗಿದ್ದರೆ ಕನ್ನಡಿ ಯಾಕೆ ಬೇಕಿತ್ತು ಹೇಳಿ.

ಹೊಸ ಟಾಯ್ಲೆಟ್ ಕಟ್ಟಲಿ ಬಿಡಿ ಅನ್ನುವವರಿಗೆ ಒಂದು ಮಾತು. ಕಟ್ಟಿದರಲ್ಲ. ಫುಟ್‌ಪಾತ್ ಮೇಲೆ ಸ್ಟೀಲ್ ಡಬ್ಬಗಳು ಬಂದವು, ಇ-ಟಾಯ್ಲೆಟ್ ಅಂತ. ನಾಣ್ಯ ಹಾಕಿದರೆ ಬಾಗಿಲು ತೆಗೆದುಕೊಳ್ಳುತ್ತದೆ. ಒಳಗೆ ಹೋದಮೇಲೆ ತೆಗೆದುಕೊಳ್ಳದಿದ್ದರೆ? ನಾನಂತೂ ಒಂದು ಸಲ ಹೋಗಿದ್ದೇನೆ, ಹೊರಗೆ ತಂಗಿಯನ್ನು ಕಾವಲು ನಿಲ್ಲಿಸಿ. ಒಳಗೆ ನೀರಿರಲಿಲ್ಲ. ಈಗ ಆ ಡಬ್ಬದ ಹಿಂದೆ ಜನ ಕಸ ಹಾಕುತ್ತಾರೆ. ಜಾಗ ಹುಡುಕು, ಟೆಂಡರ್ ಕರೆ, ಕಟ್ಟು, ರಿಬ್ಬನ್ ಕತ್ತರಿಸು, ಆರು ತಿಂಗಳಿಗೆ ಬೀಗ. ಹೋಟೆಲಿನಲ್ಲಿ ಇದ್ಯಾವುದೂ ಬೇಡ. ಟಾಯ್ಲೆಟ್ ಈಗಾಗಲೇ ಇದೆ. ನೀರಿದೆ, ದೀಪ ಇದೆ, ಸುತ್ತ ಜನ ಇದ್ದಾರೆ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ ಬಾಗಿಲು ತೆಗೆದಿರುತ್ತದೆ. ಹೆಂಗಸರಿಗೆ ಬೇಕಾಗಿರುವುದು ಇದೇ ಅಲ್ವಾ? ನೂರು ಹೆಜ್ಜೆಗೊಂದು ಹೋಟೆಲ್ ಇರುವ ಊರು ಇದು. ಕಟ್ಟಬೇಡಿ, ಇರುವುದನ್ನು ತೆರೆಯಿರಿ.

ದೆಹಲಿಯಲ್ಲಿ ಮಾಡಿದ್ದಾರೆ. 2017ರ ಏಪ್ರಿಲ್‌ನಿಂದ ದಕ್ಷಿಣ ದೆಹಲಿ ಪಾಲಿಕೆಯವರು ಹೋಟೆಲು, ರೆಸ್ಟೋರೆಂಟಿನವರೆಲ್ಲ ಸಾರ್ವಜನಿಕರಿಗೆ ಟಾಯ್ಲೆಟ್ ಬಿಡಬೇಕು, ಬೇಕಾದರೆ 5 ರೂಪಾಯಿ ತನಕ ತಗೊಳ್ಳಬಹುದು ಅಂತ ರೂಲ್ ತಂದರು. ಆಮೇಲೆ 2022ರಲ್ಲಿ ಅಲ್ಲಿ ಮೂರು ಪಾಲಿಕೆ ಸೇರಿ ಒಂದಾಯಿತು. ನಮ್ಮಲ್ಲಿ 2025ರಲ್ಲಿ ಒಂದು ಪಾಲಿಕೆ ಒಡೆದು ಐದಾಯಿತು. ಐದು ಪಾಲಿಕೆಗೆ ಐದು ಆಫೀಸು, ಐವರು ಕಮಿಷನರು, ಎಲ್ಲರ ಚೇಂಬರಿಗೂ ಅಟ್ಯಾಚ್ಡ್ ಬಾತ್‌ರೂಮು ಇದ್ದೇ ಇರುತ್ತದೆ. ಹೂವಿನಮ್ಮನಿಗೆ ಏನು ಬಂತು?

ಕೋರ್ಟು ಕೂಡ ಇದನ್ನು ದೊಡ್ಡ ಮಾತಾಗಿ ಹೇಳಿದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ನ್ಯಾಯಾಲಯಗಳಲ್ಲೂ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಶೌಚಾಲಯ ಇರಲೇಬೇಕು ಅಂತ ಆದೇಶ ಮಾಡಿತು. ಬದುಕುವ ಹಕ್ಕಿನಲ್ಲಿ ಇದೂ ಸೇರಿದೆ ಅಂತ ಹೇಳಿತು. ಕೋರ್ಟಿಗೆ ಬಂದವರಿಗೆ ಮಾತ್ರ ಬದುಕುವ ಹಕ್ಕಾ, ಕೋರ್ಟಿನ ಮುಂದಿನ ಫುಟ್‌ಪಾತಿನಲ್ಲಿ ಕೂತವರಿಗೆ ಬೇಡವಾ?

ಹೋಟೆಲಿನವರ ಮಾತು ಕೇಳಿದರೆ, ಕಾನೂನು ಬಂದ ಮಾರನೇ ದಿನ ಇಡೀ ಮೆಜೆಸ್ಟಿಕ್ಕೇ ಅವರ ಬಾಗಿಲಲ್ಲಿ ಚೊಂಬು ಹಿಡಿದು ಕ್ಯೂ ನಿಂತುಬಿಡುತ್ತದೆ ಅನ್ನಿಸುತ್ತದೆ. ಹಾಗೇನೂ ಆಗುವುದಿಲ್ಲ. ದಿನಕ್ಕೆ ಹತ್ತು ಜನ ಜಾಸ್ತಿ ಬರಬಹುದು, ಇಪ್ಪತ್ತು ಅನ್ನಿ. ಯಾರು ಕ್ಲೀನ್ ಮಾಡುತ್ತಾರೆ ಅಂತ ಕೇಳುತ್ತಾರೆ. ಈಗ ಯಾರು ಮಾಡುತ್ತಿದ್ದಾರೋ ಅವರೇ. ನೀರು? ಒಂದು ಬಕೆಟ್ ನೀರಿಗೆ ಹೋಟೆಲ್ ಮುಳುಗುತ್ತದಾ? ಜನ ಗಲೀಜು ಮಾಡುತ್ತಾರೆ ಅನ್ನುತ್ತಾರೆ. ಮಸಾಲೆ ದೋಸೆ ತಿಂದವರು ಗಲೀಜು ಮಾಡುವುದೇ ಇಲ್ಲವಾ? ದೋಸೆಗೂ ಸ್ವಚ್ಛತೆಗೂ ಏನು ಸಂಬಂಧ ಅಂತ ನನಗೆ ಇವತ್ತಿನ ತನಕ ಅರ್ಥ ಆಗಿಲ್ಲ.

ಸಮೀಕ್ಷೆಯ ಕೊನೆಯ ದಿನ ನಾನು ಆ ನರ್ಸಿಂಗ್ ಹೋಮಿಗೆ ಹೋದೆ. ರಿಸೆಪ್ಷನ್ ಹುಡುಗಿ ಮುಖ ನೋಡಬಾರದು ಅಂತಿತ್ತಲ್ಲ, ನೋಡಿಬಿಟ್ಟೆ. ಅವಳು ಯಾವ ವಾರ್ಡ್ ಅಂತ ಕೇಳಿದಳು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದವಳು ನಾನು, "ನಮ್ಮತ್ತೆ ಅಡ್ಮಿಟ್ ಆಗಿದ್ದಾರೆ" ಅಂದೆ. ನಮ್ಮತ್ತೆ ತೀರಿಕೊಂಡು ಆರು ವರ್ಷ ಆಯಿತು.

ವಿರೋಧ: ನಮ್ಮಲ್ಲಿರುವುದು ಒಂದೇ

ಈ ಕಡೆ ಬರೆಯಲು ಮೂರು ಜನ ಹೋಟೆಲಿನವರನ್ನು ಕೇಳಿದರಂತೆ. ಮೂವರೂ "ಬೇಡ ಮಾರಾಯ್ರೆ, ಜನ ಬೈತಾರೆ" ಅಂದರಂತೆ. ನಾನು ಡಿಗ್ರಿ ಓದುವಾಗ ನಾಲ್ಕು ಕತೆ ಬರೆದಿದ್ದೆ ಅನ್ನುವ ಕಾರಣಕ್ಕೆ ನನ್ನ ತಲೆಗೆ ಬಂತು. ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಟಾಯ್ಲೆಟ್ ಕೊಡಬಾರದು ಅನ್ನುವ ಮನುಷ್ಯ ನಾನಲ್ಲ. ಕಾನೂನು ಮಾಡಿ ಕೊಡಿಸಬಾರದು ಅನ್ನುವುದು ನನಗೆ ಕೊಟ್ಟಿರುವ ಪಾರ್ಟು. ಅದರಲ್ಲಿ ಮುಕ್ಕಾಲು ಪಾಲು ನಾನೂ ಒಪ್ಪುತ್ತೇನೆ ಅನ್ನಿ.

ಆಚೆ ಕಡೆಯವರು ಸರಾಯ್ ಕಾಯ್ದೆ ಎತ್ತಿರುತ್ತಾರೆ ಅಂತ ನನಗೆ ಗ್ಯಾರಂಟಿ. ವಾಟ್ಸಾಪಿನಲ್ಲಿ ತಿಂಗಳಿಗೊಮ್ಮೆ ಬರುತ್ತದೆ, 1867ರ ಕಾಯ್ದೆ ಪ್ರಕಾರ ಯಾವ ಹೋಟೆಲಿಗೆ ನುಗ್ಗಿದರೂ ನೀರು, ಟಾಯ್ಲೆಟ್ ಪುಕ್ಕಟೆ ಅಂತ. ಅದನ್ನು ಮೊಬೈಲಲ್ಲಿ ತೋರಿಸಿ ನನ್ನ ಹತ್ತಿರ ಜಗಳ ಆಡಿದವರಿದ್ದಾರೆ. ಒಂದು ಮಧ್ಯಾಹ್ನ ಕೂತು ಆ ಕಾಯ್ದೆ ಓದಿದೆ. ಅದು ದಾರಿಹೋಕರು ತಂಗುವ ಛತ್ರಗಳದ್ದು. ಛತ್ರದವನು ರಿಜಿಸ್ಟರ್ ಮಾಡಿಸಬೇಕು, ಜಾಗ ಚೊಕ್ಕಟ ಇಡಬೇಕು, ಕಾವಲಿಗೆ ಜನ ಇಡಬೇಕು, ಇಂಥವು. ಇಡ್ಲಿ ವಡೆ ಹೋಟೆಲಿಗೆ ದಾರಿಯಲ್ಲಿ ಹೋಗುವವರು ನುಗ್ಗಿ ಟಾಯ್ಲೆಟ್ ಕೇಳಬಹುದು ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಆದ್ದರಿಂದ ದಯವಿಟ್ಟು ಅದನ್ನು ಬಿಟ್ಟುಬಿಡಿ.

ಈಗ ನಮ್ಮ ಹೋಟೆಲಿನ ಅಳತೆ. ಅಡುಗೆಮನೆ ಸೇರಿ 450 ಚದರ ಅಡಿ. ನಿಂತು ತಿನ್ನುವ ಹೋಟೆಲು. ಹಿಂದುಗಡೆ ಗ್ರೈಂಡರ್ ಪಕ್ಕ ಒಂದು ಟಾಯ್ಲೆಟ್ಟು. ಒಂದೇ. ಭಟ್ಟರು, ಸಪ್ಲೈಯರ್, ಕ್ಲೀನರ್ ಎಲ್ಲ ಸೇರಿ ಹದಿಮೂರು ಜನ ಅದನ್ನೇ ಬಳಸುತ್ತಾರೆ. ಅದಕ್ಕೆ ಹೋಗಬೇಕಾದರೆ ದೋಸೆ ಕಾವಲಿಯ ಹಿಂದಿನಿಂದ, ಸಾಂಬಾರಿನ ಕೊಳದಪ್ಪಲೆ ದಾಟಿಕೊಂಡು ಹೋಗಬೇಕು. ಕಾನೂನು ಬಂದರೆ ಊರಿನವರೆಲ್ಲ ನಮ್ಮ ಅಡುಗೆಮನೆಯೊಳಗೇ ನಡೆದಾಡಬೇಕು. ಸ್ಟಾರ್ ಹೋಟೆಲಿಗೂ ನಮಗೂ ಒಂದೇ ರೂಲು ಅಂದರೆ ಹೇಗೆ? ಸ್ಟಾರ್ ಹೋಟೆಲಿಗೆ ಹೂವು ಮಾರುವವರು ಟಾಯ್ಲೆಟ್ಟಿಗೆ ಹೋಗುವುದಿಲ್ಲ, ಗೇಟಿನಲ್ಲಿರುವ ಮೀಸೆಯವನೇ ಬಿಡುವುದಿಲ್ಲ. ಕಡೆಗೆ ಹೊರೆ ಬೀಳುವುದು ನಮ್ಮಂಥ ಸಣ್ಣವರ ಮೇಲೆ.

ನೀರಿನ ಲೆಕ್ಕ ಒಂದಿಷ್ಟು. 2024ರ ಮಾರ್ಚ್ ನೆನಪಿದೆಯಾ? ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿಯವರು ಹೇಳಿದ ಬೇಸಿಗೆ. ಟ್ಯಾಂಕರಿಗೆ ಸರ್ಕಾರ ರೇಟು ಕಟ್ಟಿತು, ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1000 ರೂಪಾಯಿ. ಆ ರೇಟಿಗೆ ನಮಗೆ ಒಂದು ದಿನವೂ ಸಿಗಲಿಲ್ಲ. ಆಗ ಲೋಟ ತೊಳೆಯುವ ನೀರನ್ನೇ ಹಿಡಿದಿಟ್ಟು ಟಾಯ್ಲೆಟ್ಟಿಗೆ ಹಾಕಿದ್ದೇವೆ.

ಆದರೆ ನಾನು ಹೇಳಬೇಕೆಂದಿದ್ದು ನೀರಿನ ಕತೆಯಲ್ಲ, ಒಳಚರಂಡಿ ಚೇಂಬರಿನ ಕತೆ.

ಮೂರು ವರ್ಷದ ಹಿಂದೆ ನಾನೇ ಉದಾರವಾಗಿ "ಯಾರು ಬೇಕಾದರೂ ಹೋಗಲಿ" ಅಂತ ಬಿಟ್ಟಿದ್ದೆ. ಪಕ್ಕದಲ್ಲಿ ಕಾಂಪ್ಲೆಕ್ಸ್ ಕಟ್ಟುತ್ತಿದ್ದರು, ಗಾರೆ ಕೆಲಸದವರು, ಅವರ ಹೆಂಗಸರು, ಎಲ್ಲರೂ ಬರುತ್ತಿದ್ದರು. ಎರಡು ತಿಂಗಳು ಚೆನ್ನಾಗಿಯೇ ಇತ್ತು. ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಹೋಟೆಲಿನವರಿಗೆ ಭಾನುವಾರ ಎಂಟು ಅಂದರೆ ಏನು ಅಂತ ಗೊತ್ತು, ವಾರದ ವ್ಯಾಪಾರವೆಲ್ಲ ಆ ಮೂರು ಗಂಟೆಯಲ್ಲಿ. ನಾನು ಗಲ್ಲಾ ಮೇಲೆ ಕೂತಿದ್ದೆ. ಎದುರಿನ ಚೇಂಬರ್ ಮುಚ್ಚಳ ಸಣ್ಣಗೆ ಎದ್ದಿತು. ಆಮೇಲೆ ಅದರ ಸುತ್ತ ಕಪ್ಪು ನೀರು. ಐದು ನಿಮಿಷದಲ್ಲಿ ಜನ ಇಡ್ಲಿ ಪ್ಲೇಟು ಹಿಡಿದುಕೊಂಡು ಹಿಂದೆ ಹಿಂದೆ ಸರಿಯತೊಡಗಿದರು. ಹತ್ತು ನಿಮಿಷಕ್ಕೆ ಹೋಟೆಲ್ ಖಾಲಿ. ಹೊರಗೆ ನಿಂತು ಒಬ್ಬರು ಫೋಟೋ ತೆಗೆದರು. ಒಳಗೆ ಎರಡು ಕೊಳದಪ್ಪಲೆ ದೋಸೆ ಹಿಟ್ಟು ಉಕ್ಕುತ್ತಿತ್ತು.

ಪ್ಲಂಬರ್ ಬಂದ. ಉದ್ದದ ಬಿದಿರು ಸೀಳು ಹಾಕಿ ಎಳೆದ. ಪ್ಯಾಡುಗಳು, ಗುಟ್ಕಾ ಪ್ಯಾಕೆಟ್ಟು, ಒಂದು ಬನಿಯನ್ನಿನ ತುಂಡು. ಆದರೂ ಕಟ್ಟಿದ್ದು ಬಿಡಲಿಲ್ಲ. ಜೋರಾಗಿ ನೀರು ಬಿಟ್ಟು ಚರಂಡಿ ಬಿಡಿಸುವ ಜೆಟ್ಟಿಂಗ್ ಗಾಡಿಗೆ ಫೋನ್ ಮಾಡಿದರೆ ಮಧ್ಯಾಹ್ನದ ಮೇಲೆ ಅಂದರು. ಆಗ ಪ್ಲಂಬರ್ ನನ್ನ ಕಿವಿ ಹತ್ತಿರ ಬಂದು, "ಒಬ್ಬ ಇದ್ದಾನೆ ಸಾರ್, 2000 ಕೊಟ್ಟರೆ ಇಳೀತಾನೆ, ಅರ್ಧ ಗಂಟೆ ಕೆಲಸ" ಅಂದ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಬಂದಮೇಲೆ ಹಾಗೆ ಮನುಷ್ಯನನ್ನು ಇಳಿಸುವುದು ಜೈಲಿಗೆ ಹೋಗುವ ಅಪರಾಧ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈ ಗಲ್ಲಾ ಪೆಟ್ಟಿಗೆಗೆ ಹೋಗಿ ನಾಲ್ಕು ಐನೂರರ ನೋಟು ಎಣಿಸಿತ್ತು. ಅಷ್ಟರಲ್ಲಿ ಆ ಮನುಷ್ಯ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು, ನಮ್ಮ ಕ್ಲೀನರ್ ಹುಡುಗನ ವಯಸ್ಸು. ಬಂದವನು ಒಳಗೆ ಕಾಲಿಡಲಿಲ್ಲ, ಹೊರಗೇ ನಿಂತು, "ಅಣ್ಣಾ ಒಂದು ಕಾಫಿ ಸಿಗುತ್ತಾ?" ಅಂದ. ಬೇಡಪ್ಪಾ ಅನ್ನಿಸಿತು. ಕಾಫಿ ಕೊಟ್ಟು, ತಿಂಡಿ ಕೊಟ್ಟು, ಬಸ್‌ಚಾರ್ಜ್ ಕೊಟ್ಟು ಕಳಿಸಿದೆ. ಜೆಟ್ಟಿಂಗ್ ಗಾಡಿ ಬಂದಿದ್ದು ಎರಡೂವರೆಗೆ. ಆವತ್ತಿನ ವ್ಯಾಪಾರ ಹೋಯಿತು, ಹಿಟ್ಟು ಹೋಯಿತು, ಹೋಗಲಿ. ನೋಟು ಎಣಿಸಿದ್ದು ಇನ್ನೂ ಹೋಗಿಲ್ಲ.

ಟಾಯ್ಲೆಟ್ ತೆರೆಯಿರಿ ಅನ್ನುವವರು ಬಾಗಿಲ ತನಕ ಮಾತಾಡುತ್ತಾರೆ. ಬಾಗಿಲಿನ ಆಚೆ ಯಾರು ಇರುತ್ತಾರೆ? ನಮ್ಮ ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನಿಗೆ ಟಾಯ್ಲೆಟ್ ತೊಳೆ ಅಂದರೆ ಸಂಜೆಗೆ ಬ್ಯಾಗ್ ಹಿಡಿದು ಊರಿಗೆ ಹೋಗುತ್ತಾನೆ. ಅದಕ್ಕೆ ಬೇರೆಯವರೇ ಬರಬೇಕು, ಆ ಬೇರೆಯವರು ಯಾವ ಕೇರಿಯಿಂದ ಬರುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾ? ದಿನಕ್ಕೆ ನೂರು ಜನ ಜಾಸ್ತಿ ಬಂದರೆ ಅಷ್ಟೂ ಅವರ ಕೈಗೇ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ದುಡ್ಡು ಕೊಡಿ. ಜರ್ಮನಿಯ ಆಲೆನ್ ಅನ್ನುವ ಊರಿನಲ್ಲಿ 2000ದಲ್ಲಿ ಒಂದು ಪದ್ಧತಿ ಶುರು ಮಾಡಿದರು. ಯಾವ ಹೋಟೆಲಿನವರು ಒಪ್ಪುತ್ತಾರೋ ಅವರು ಬಾಗಿಲಿಗೆ ಒಂದು ಸ್ಟಿಕರ್ ಅಂಟಿಸಬೇಕು, ಯಾರು ಬೇಕಾದರೂ ಹೋಗಬಹುದು, ಪಾಲಿಕೆಯವರು ಕ್ಲೀನಿಂಗ್ ಖರ್ಚಿಗೆ ತಿಂಗಳು ತಿಂಗಳು ಹೋಟೆಲಿಗೆ ದುಡ್ಡು ಕೊಡುತ್ತಾರೆ. ಒತ್ತಾಯ ಇಲ್ಲ. ಈಗ ಅಲ್ಲಿ ಎಷ್ಟೋ ಊರುಗಳಲ್ಲಿ ಇದೆ. ನಮ್ಮಲ್ಲೂ ಬಿಂದೇಶ್ವರ್ ಪಾಠಕ್ 1970ರಲ್ಲಿ ಸುಲಭ್ ಶುರು ಮಾಡಿದವರು, ನಾಲ್ಕು ವರ್ಷಕ್ಕೆ ಪಟ್ನಾದಲ್ಲಿ ದುಡ್ಡು ಕೊಟ್ಟು ಬಳಸುವ ಟಾಯ್ಲೆಟ್ ತೆಗೆದರು. ಬಿಹಾರದಲ್ಲಿ ಇದಕ್ಕೆ ಯಾರು ಕಾಸು ಕೊಡುತ್ತಾರೆ ಅಂತ ನಕ್ಕವರಿಗೇನು ಕಡಿಮೆ ಇರಲಿಲ್ಲ. ಜನ ಕೊಟ್ಟರು. ಅಲ್ಲಿ ಒಬ್ಬ ಕೂತಿರುತ್ತಾನೆ, ಅವನ ಸಂಬಳ ಅದರಿಂದ ಬರುತ್ತದೆ, ಆದ್ದರಿಂದ ಅದು ನಡೆಯುತ್ತದೆ. ಟ್ರೇಡ್ ಲೈಸೆನ್ಸು, ಆಸ್ತಿ ತೆರಿಗೆ, ಕಸದ ಶುಲ್ಕ ಅಂತ ನಮ್ಮಿಂದ ತಗೊಳ್ಳುವ ಪಾಲಿಕೆಯವರು, ತಾವು ಮಾಡಬೇಕಾದ ಕೆಲಸವನ್ನೂ ನಮಗೇ ಹೇಳಿ ಕೈ ತೊಳೆದುಕೊಂಡರೆ? ಆ ಕೈ ತೊಳೆಯುವ ನೀರೂ ನಮ್ಮ ಟ್ಯಾಂಕರಿನದ್ದೇ ಆಗಿರುತ್ತದೆ.

ಇಷ್ಟು ಬರೆದು ಹೆಂಡತಿಗೆ ಓದಲು ಕೊಟ್ಟೆ. ಅವಳು ಓದಿ, "ಊರಿಗೆ ಹೋಗುವಾಗ ಸಕಲೇಶಪುರದಲ್ಲಿ ಪ್ರತಿ ಸಲ ಒಂದು ಹೋಟೆಲಲ್ಲಿ ಕಾರು ನಿಲ್ಲಿಸುತ್ತೀರಲ್ಲ, ಅಲ್ಲಿ ಏನು ತಗೊಂಡಿದ್ದೀರಿ ಇಷ್ಟು ವರ್ಷದಲ್ಲಿ?" ಅಂದಳು. ಒಂದು ಸಲ ಚಿಕ್ಕಿ ತಗೊಂಡಿದ್ದೆ ಅಂದೆ. "ಅದು ನಾನು ತಗೊಂಡಿದ್ದು" ಅಂದಳು.

ಬೋರ್ಡು ನಮ್ಮಲ್ಲೂ ಇದೆ, ಗ್ರಾಹಕರಿಗೆ ಮಾತ್ರ ಅಂತ. ಬೆಳಿಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕಂದಿರು ನಾಲ್ಕು ಜನ, ಸಿಗ್ನಲ್ಲಿನಲ್ಲಿ ನಿಲ್ಲುವ ಟ್ರಾಫಿಕ್ ಮೇಡಂ, ಕೊರಿಯರ್ ಹುಡುಗಿ ಒಬ್ಬಳು, ಇವರಿಗೆ ಆ ಬೋರ್ಡು ಅನ್ವಯಿಸುವುದಿಲ್ಲ. ಚೇಂಬರ್ ಕತೆ ಆದಮೇಲೆ ಒಳಗೆ ಮುಚ್ಚಳ ಇರುವ ಕಸದ ಬುಟ್ಟಿ ಇಟ್ಟೆ, ಬಾಗಿಲಿಗೆ ಬೀಗ ಹಾಕಿಸಿದೆ. ಬೀಗದ ಕೈ ಕಳೆದುಹೋಗದಿರಲಿ ಅಂತ ಒಂದು ಹಳೇ ಸಾಂಬಾರು ಸೌಟಿಗೆ ಕಟ್ಟಿಟ್ಟಿದ್ದೇವೆ. ಮೊನ್ನೆ ಕೊರಿಯರ್ ಹುಡುಗಿ ಆ ಸೌಟು ಹಿಡಿದುಕೊಂಡೇ ಸ್ಕೂಟರ್ ಹತ್ತಿ ಹೋಗಿದ್ದಳು. ಅರ್ಧ ಗಂಟೆ ಬಿಟ್ಟು ವಾಪಸ್ ತಂದು ಕೊಟ್ಟಳು, ಅಷ್ಟು ಹೊತ್ತು ನಮ್ಮ ಭಟ್ಟರು ಎದುರಿನ ಹೋಟೆಲಿಗೆ ಹೋಗಿ ಟೀ ಟೋಕನ್ ತಗೊಂಡಿದ್ದರು.